ಸ್ತನಗಳ ಅಸಮತೆ: ಶಸ್ತ್ರಚಿಕಿತ್ಸೆಯ ಆಮೇಲಿನ ದಿನಗಳು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ನಿಮ್ಮಲ್ಲಿ ಹಲವರು ಹತ್ತಿರಬಹುದು. ರಾವಣನೊಡನೆ ಸೆಣಸಿದ ಜಟಾಯು ಬಿದ್ದ ಸ್ಥಳ ಇದೇ ಎಂದು ಜನರ ನಂಬಿಕೆ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಗುರುತಿಸಿದರು. ಆದರೆ ನಾನೀಗ ಹೇಳಹೊರಟಿರುವುದು ಪುರಾಣವೂ ಅಲ್ಲ, ಶಾಸನವೂ ಅಲ್ಲ. ಆ ಬೆಟ್ಟದ ಮೆಟ್ಟಿಲುಗಳ ಸಂಗತಿ. ಸ್ತನಗಳ ಹೆಚ್ಚುಕಡಮೆಯನ್ನು ಸರಿಪಡಿಸಲೆಂದು ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವಳನ್ನು, “ಎಲ್ಲಾ ಸುಸೂತ್ರವಾಯಿತಲ್ಲ, ಹರಕೆ ತೀರಿಸಿಬರೋಣ ನಡೆ” ಎಂದು ಮನೆಯವರು ಹೊರಡಿಸಿದರೆ ಅವಳು ಏನು ಹೇಳಬೇಕು? ನಾಚಿಕೆಯ ಮಾತೆಂದು ಪುಟ ತಿರುವಬೇಡಿ. ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ.

ಎಡಬಲಗಳು ತಕ್ಕಡಿಯಲ್ಲಿ ತೂಗಿದಂತೆ ಸಮನಾಗಿರುವ ದೇಹ ಲೋಕದಲ್ಲಿ ವಿರಳ. ಬಹುಪಾಲು ಹೆಂಗಸರಲ್ಲಿ ಎರಡು ಸ್ತನಗಳಿಗೆ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ನಮ್ಮ ಕವಿಗಳು ಹೊನ್ನಿನ ಕಲಶಗಳ ಉಪಮೆಯನ್ನು ಕೊಟ್ಟು ಕೊಟ್ಟು, ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿರಬೇಕೆಂಬ ಭ್ರಮೆಯನ್ನು ಬೆಳೆಸಿದ್ದಾರೆ. ಕಾವ್ಯವನ್ನು ಪಾಠ ಹೇಳಿಯೇ ಹೊಟ್ಟೆ ಹೊರೆದ ನಾನು ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ವ್ಯತ್ಯಾಸ ಬಹಳವಾದಾಗ ಅದರಿಂದಾಗುವ ಕಷ್ಟ ಭ್ರಮೆಯಲ್ಲ. ಚಳ್ಳಕೆರೆಯ ಬೇಸಗೆಯಲ್ಲೂ ಸ್ವೆಟರು ಬಿಚ್ಚದ, ಆಟದ ಪೀರಿಯಡ್ಡು ಬಂದೊಡನೆ ತಲೆನೋವೆನ್ನುವ ಹುಡುಗಿಯನ್ನು ಗದರಿಸುವ ಮುನ್ನ ಉಪಾಧ್ಯಾಯಿನಿಯರಾದ ನಾವು ಒಂದು ಗಳಿಗೆ ಯೋಚಿಸುವುದು ಲೇಸು.

ಕಾರಣಗಳು ಹಲವು. ಬೆಳೆಯುವ ವಯಸ್ಸಿನಲ್ಲಿ ಒಂದು ಪಕ್ಕ ಮುಂದಾಗಿ ಇನ್ನೊಂದು ಹಿಂದಾಗುವುದು ಸಾಮಾನ್ಯ. ಎಷ್ಟೋ ಸಲ ಕೆಲವು ವರ್ಷಗಳಲ್ಲಿ ಅದು ತಾನೇ ಬಹುಮಟ್ಟಿಗೆ ಸರಿಹೋಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಎದೆಯ ಒಂದು ಪಕ್ಕದ ಸ್ನಾಯು ಇರುವುದಿಲ್ಲ. 1841ರಲ್ಲಿ ಇದನ್ನು ವರ್ಣಿಸಿದ ಆಲ್‌ಫ್ರೆಡ್ ಪೋಲೆಂಡ್ ಎಂಬ ಆಂಗ್ಲ ವೈದ್ಯನ ಹೆಸರೇ ಆ ಸ್ಥಿತಿಗೆ ನಿಂತಿದೆ. ಮಗುವಾಗಿದ್ದಾಗ ಕುದಿಯುವ ನೀರೋ ಸಾರೋ ಬಿದ್ದು ಎದೆ ಸುಟ್ಟಿದ್ದರೂ ಮುಂದೆ ಆ ಪಕ್ಕದ ಬೆಳವಣಿಗೆ ಕುಂಠಿತವಾದೀತು. ತಾಯಂದಿರಿಗೆ ಇನ್ನೊಂದು ಮಾತು: ಎಂಟೊಂಬತ್ತು ವರ್ಷದ ಹುಡುಗಿಯ ಎದೆಯ ಒಂದೇ ಪಕ್ಕದಲ್ಲಿ ಸಣ್ಣ ಗಂಟು ಎದ್ದರೆ ಅದು ಸಾಮಾನ್ಯವಾಗಿ ಬೆಳೆಯಲಿರುವ ಸ್ತನದ ಮೊಗ್ಗು. ಅದನ್ನು ಗೆಡ್ಡೆಯೆಂದು ಬಗೆದು ಕೊಯ್ಯಿಸಿದರೆ ಆ ಪಕ್ಕ ಬೆಳೆಯದೆಯೇ ಹೋಗಬಹುದು. ಇನ್ನು, ಮೊದಲು ಸಮನಾಗಿದ್ದು ನಡುವಯಸ್ಸಿನಲ್ಲಿ ಹೊಸದಾಗಿ ವ್ಯತ್ಯಾಸ ಕಂಡರೆ ಅಂದದ ಮಾತು ಆಮೇಲೆ. ಮೊದಲು ಕ್ಯಾನ್ಸರ್ ಅಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಈ ಚಿಕಿತ್ಸೆ ನಿನ್ನೆ ಮೊನ್ನೆಯದಲ್ಲ. 1895ರಲ್ಲಿ ಜರ್ಮನಿಯ ಚೆರ್ನಿ ಎಂಬ ವೈದ್ಯ, ಒಂದು ಸ್ತನದ ಗೆಡ್ಡೆ ತೆಗೆದಾಗ ಉಂಟಾಗುವ ಅಸಮತೆಯನ್ನು ನೀಗಿಸಲು ಆ ರೋಗಿಯ ಬೆನ್ನಿನ ಕೊಬ್ಬಿನ ಗಂಟನ್ನೇ ತಂದು ತುಂಬಿದ. 1962ರಲ್ಲಿ ಅಮೆರಿಕೆಯಲ್ಲಿ ಮೊದಲ ಸಿಲಿಕೋನ್ ಚೀಲವನ್ನು ಇಟ್ಟರು. ಈಗ ದೊಡ್ಡದನ್ನು ಕುಗ್ಗಿಸುವುದು, ಜೋತುದನ್ನು ಎತ್ತಿಕಟ್ಟುವುದು, ಚಿಕ್ಕದರೊಳಗೆ ಚೀಲವನ್ನೋ ಸ್ವಂತ ಕೊಬ್ಬನ್ನೋ ಇಡುವುದು, ಹೀಗೆ ಹಲವು ದಾರಿಗಳುಂಟು. ಸಾಮಾನ್ಯವಾಗಿ ಬೆಳವಣಿಗೆ ನಿಲ್ಲುವವರೆಗೆ, ಎಂದರೆ 18 ವರ್ಷವಾದರೂ ಆಗುವವರೆಗೆ, ಕಾಯಿಸುತ್ತಾರೆ. ಅಲ್ಲಿಯವರೆಗೂ, ಬೇಡವೆಂದವರಿಗೆ ಮುಂದೆಯೂ, ಒಳಉಡುಪಿನಲ್ಲಿಡುವ ಮೆತ್ತೆ ಸಾಕಾದೀತು.

ಇನ್ನು ಚಿಕಿತ್ಸೆಯ ಆಮೇಲಿನ ದಿನಗಳು. ಮೊದಲ ವಾರ ನೋವು, ಬಾವು, ನೀಲಿಗಟ್ಟುವಿಕೆ ಇರುತ್ತವೆ. ನೆತ್ತರು ನೀರು ಹೊರಹೋಗಲು ಸಣ್ಣ ಕೊಳವೆ ಇಟ್ಟಿರಬಹುದು. ಮರುದಿನದಿಂದಲೇ ಮನೆಯೊಳಗೆ ನಿಧಾನವಾಗಿ ಓಡಾಡಬೇಕು. ಮಲಗಿಯೇ ಇದ್ದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಅಂಗಾತ ಮಲಗಬೇಕು. ಆಸ್ಪತ್ರೆಯವರು ಹೇಳಿದ ಬಿಗಿಯುಡುಪನ್ನು ಹಗಲಿರುಳು ಕೆಲವು ವಾರ ತೊಡಬೇಕು. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದಾದರೂ ಸುಮಾರು ಆರು ವಾರ ಭಾರ ಎತ್ತುವಂತಿಲ್ಲ. ಎಂದರೆ ತುಂಬಿದ ಕೊಡವಿಲ್ಲ, ಅಟ್ಟದ ಮೇಲಿನ ಡಬ್ಬಿಯಿಲ್ಲ, ಕಂಕುಳಲ್ಲಿ ಮಗುವಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಯವಳಾದರೆ ಲಾಳಿಯ ಹಗ್ಗ ಜಗ್ಗುವುದೂ ಇಲ್ಲ. ಬೆಟ್ಟದ ಪ್ರಶ್ನೆಗೂ ಉತ್ತರ ಇದೇ. ರಾಮೇಶ್ವರ ಆರು ವಾರ ಕಾಯುತ್ತಾನೆ. ವೈದ್ಯರು ಹೂಂ ಎಂದ ಮೇಲೆ ಹತ್ತಿದರಾಯಿತು. ಈ ನಿಯಮಗಳನ್ನು ಮುರಿಯುವವಳು ಸಾಮಾನ್ಯವಾಗಿ ರೋಗಿಯಲ್ಲ, ಅವಳಿಂದ ಮುರಿಸುವವರು ನಾವು. ಹೊರಗೆ ಗಾಯ ಕಾಣದಿದ್ದರೆ ಹೆಂಗಸನ್ನು ಒಲೆಯ ಮುಂದಕ್ಕೆ ಕರೆಯುವುದು ನಮ್ಮ ಮನೆಗಳ ಹಳೆಯ ಚಾಳಿ.

ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವರು ಚಿಕಿತ್ಸೆಗೆ ಹಲವು ವಾರ ಮೊದಲೇ ಬಿಡಬೇಕು. ಅದು ರಕ್ತದ ಓಟವನ್ನು ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತದೆ. ಒಂದೇ ಪಕ್ಕ ಫಕ್ಕನೆ ಊದಿಕೊಂಡರೆ, ಜ್ವರ ಬಂದರೆ, ಗಾಯ ಕೆಂಪೇರಿ ಕೀವು ಸುರಿದರೆ, ಮೀನಖಂಡ ನೋಯತೊಡಗಿದರೆ, ಉಸಿರು ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಮನಸ್ಸು ಮಾಯುವುದು ಇದಕ್ಕಿಂತ ನಿಧಾನ. ಪಟ್ಟಿ ಬಿಚ್ಚಿದ ದಿನ ಕನ್ನಡಿಯ ಮುಂದೆ ನಿಂತವಳಿಗೆ ಅಳು ಬರುವುದುಂಟು. ಒಂದು ಪಕ್ಕ ಹೆಚ್ಚು ಊದಿರುತ್ತದೆ, ಒಂದು ಮೇಲಿರುತ್ತದೆ, ಗೆರೆಗಳು ಕೆಂಪಾಗಿರುತ್ತವೆ. ಅಂದು ಕಂಡದ್ದು ಕೊನೆಯ ರೂಪವಲ್ಲ. ಬಾವು ಇಳಿದು ಆಕಾರ ನೆಲೆಗೊಳ್ಳಲು ಮೂರರಿಂದ ಆರು ತಿಂಗಳು, ಗಾಯದ ಗುರುತು ಮಾಸಲು ವರ್ಷ ಅಥವಾ ಒಂದೂವರೆ ವರ್ಷ ಬೇಕು. ಗುರುತು ಪೂರ್ತಿ ಅಳಿಯುವುದಿಲ್ಲ. ನಮ್ಮಂಥ ಕಪ್ಪು ಮೈಬಣ್ಣದವರ ಎದೆಯಲ್ಲಿ ಅದು ದಪ್ಪಗಟ್ಟುವ ಸಂಭವವೂ ಹೆಚ್ಚು. ಮೊಲೆತೊಟ್ಟಿನ ಸ್ಪರ್ಶಜ್ಞಾನ ತಿಂಗಳುಗಟ್ಟಲೆ ಮಂದವಾಗಿರಬಹುದು, ಕೆಲವರಿಗೆ ಮರಳದೆಯೂ ಇರಬಹುದು. ತುಂಬಿದ ಕೊಬ್ಬಿನಲ್ಲಿ ಒಂದು ಭಾಗ ಕರಗುವುದರಿಂದ ಮತ್ತೊಮ್ಮೆ ತುಂಬಬೇಕಾದೀತು. ಸಿಲಿಕೋನ್ ಚೀಲವಂತೂ ಜೀವನಪರ್ಯಂತದ ವಸ್ತುವಲ್ಲ.

ಎರಡು ಸ್ತನಗಳು ಅಕ್ಕತಂಗಿಯರಂತೆ, ಅವಳಿಗಳಂತಲ್ಲ ಎಂದು ಶಸ್ತ್ರವೈದ್ಯರು ಹೇಳುವುದುಂಟು. ಚಿಕಿತ್ಸೆ ವ್ಯತ್ಯಾಸವನ್ನು ತಗ್ಗಿಸುತ್ತದೆ. ರವಿಕೆ ಹೊಲಿಸುವಾಗ ಅಳುಕಿಲ್ಲದಂತೆ, ನಾಲ್ಕು ಜನರೆದುರು ಸೆರಗಿನ ಚಿಂತೆಯಿಲ್ಲದೆ ನಡೆಯುವಂತೆ ಮಾಡುತ್ತದೆ. ಇಷ್ಟನ್ನು ಬಯಸಿ ಹೋದವಳು ಬಹುಮಟ್ಟಿಗೆ ತೃಪ್ತಿಯಿಂದ ಮರಳುತ್ತಾಳೆ. ಕೂಡದ ಮದುವೆ ಕೂಡೀತು, ಮುನಿದ ಗಂಡ ಒಲಿದಾನು ಎಂದು ಹೋದವಳಿಗೆ ಯಾವ ವೈದ್ಯನೂ ಭರವಸೆ ಕೊಡಲಾರ. ಅಂಥವಳಿಗೆ ಸ್ವಲ್ಪ ತಡೆಯಿರೆಂದು ಹೇಳುವ ವೈದ್ಯನೇ ಒಳ್ಳೆಯವನೆಂದು ನನ್ನ ಎಣಿಕೆ.

ಬಸುರಿನ ಆಲೋಚನೆಯಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ತಿಳಿಸಿ. ಕೆಲವು ವಿಧಾನಗಳಿಂದ ಮುಂದೆ ಹಾಲೂಡಿಸುವುದಕ್ಕೆ ಅಡ್ಡಿಯಾಗಬಹುದು. ಬಸುರು, ಬಾಣಂತನ, ತೂಕದ ಏರಿಳಿತಗಳಿಂದ ಸರಿಪಡಿಸಿದ್ದು ಮತ್ತೆ ಕೊಂಚ ಹೆಚ್ಚುಕಡಮೆಯಾಗುವುದೂ ಉಂಟು.