ಆಟ ಬಲ್ಲರು, ಆಡಲು ಜೊತೆಯಿಲ್ಲ!

ಕೂಟದೊಳಗಿದ್ದವನೇ ಜಾಣ, ಇದು ಅಮೆರಿಕಾದ ಕಾಲೇಜು ಹಾಕಿ

ಬಸ್ಸಿದೆ. ಹೊಸ ಟೈರು, ಗಟ್ಟಿ ಇಂಜಿನ್ನು, ಅನುಭವಿ ಡ್ರೈವರು, ಎಲ್ಲಾ ಇದೆ. ಆದರೆ ರೂಟ್ ಪರ್ಮಿಟ್ಟಿಲ್ಲ, ಸ್ಟ್ಯಾಂಡಿನಲ್ಲಿ ಟೈಮಿಂಗ್ ಇಲ್ಲ. ಅಂಥಾ ಬಸ್ಸಿನ ಮಾಲೀಕನ ಗತಿ ಏನು? ದಿನಾ ಬಸ್ ಸ್ಟ್ಯಾಂಡಿನಲ್ಲಿ ಕಾಯೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕಾದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ವಿಶ್ವವಿದ್ಯಾಲಯದ ಹಾಕಿ ತಂಡಕ್ಕೆ ಆದದ್ದು ಇದೇ. ಈ ಹಾಕಿ ನಮ್ಮ ಕೊಡಗಿನ ಹುಡುಗರು ಮೈದಾನದಲ್ಲಿ ಆಡುವಂಥದ್ದಲ್ಲ, ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ಐಸ್ ಹಾಕಿ. ಹಂಟ್ಸ್‌ವಿಲ್‌ನವರು ಕೈಲಾಗದವರೇನೂ ಅಲ್ಲ. 1996 ಮತ್ತು 1998ರಲ್ಲಿ ಎರಡನೇ ದರ್ಜೆಯ ರಾಷ್ಟ್ರೀಯ ಚಾಂಪಿಯನ್ನರು. 2007 ಮತ್ತು 2010ರಲ್ಲಿ ಮೊದಲ ದರ್ಜೆಯ ರಾಷ್ಟ್ರೀಯ ಟೂರ್ನಿಗೂ ಹೋಗಿ ಬಂದವರು. ಆದರೂ ಕೊನೆಗೆ ಬಾಗಿಲು ಮುಚ್ಚಿತು!

ಕಾರಣ? ವೇಳಾಪಟ್ಟಿ!

34ರ ಲೆಕ್ಕಾಚಾರ

ಅಲ್ಲಿ ಕಾಲೇಜು ತಂಡಗಳೆಲ್ಲ ‘ಕಾನ್ಫರೆನ್ಸ್’ ಎಂಬ ಕೂಟಗಳಲ್ಲಿ ಹಂಚಿಹೋಗಿವೆ. 2024-25ರ ಹಂಗಾಮನ್ನೇ ನೋಡಿ. ಒಂದು ತಂಡ ಆಡಬಹುದಾದದ್ದು ಸಾಮಾನ್ಯವಾಗಿ 34 ಪಂದ್ಯ. ‘ಬಿಗ್ ಟೆನ್’ ಕೂಟದಲ್ಲಿ (ಹೆಸರು ಹತ್ತು, ಹಾಕಿ ತಂಡ ಏಳೇ!) ಪ್ರತಿ ತಂಡವೂ ಉಳಿದ ಆರರ ಜೊತೆ ನಾಲ್ಕು ನಾಲ್ಕು ಸಲ ಆಡಬೇಕು. ಅಲ್ಲಿಗೆ 24 ಖರ್ಚು. ಕೈಯಲ್ಲುಳಿದದ್ದು 10. ‘ಇಸಿಎಸಿ’ ಕೂಟದಲ್ಲಿ ತಂಡ 12, ಒಬ್ಬೊಬ್ಬರೊಂದಿಗೆ ಎರಡೆರಡು ಸಲ, ಒಟ್ಟು 22.

ಹೀಗೆ ಮಿಕ್ಕಿದ ಪಂದ್ಯಗಳಿಗೇ ಹೊರಗಿನವರು ಕಾದು ಕೂರಬೇಕು. ಅದೂ ಯಾವಾಗ? ಹೆಚ್ಚಾಗಿ ಅಕ್ಟೋಬರಿನಲ್ಲಿ, ಇಲ್ಲವೇ ವರ್ಷದ ಕೊನೆಯ ರಜಾದಲ್ಲಿ. ಜನವರಿ ಕಳೆಯಿತೋ, ಶುಕ್ರವಾರ ಶನಿವಾರಗಳೆಲ್ಲ ಕೂಟದ ಪಾಲು. ಆಗ ಕೂಟವಿಲ್ಲದ ತಂಡ ಯಾರ ಬಾಗಿಲು ತಟ್ಟಬೇಕು?

ಹಾಗಂತ ಹೊರಗಿನ ಪಂದ್ಯಕ್ಕೆ ಬೆಲೆಯಿಲ್ಲವೆಂದಲ್ಲ. ರಾಷ್ಟ್ರೀಯ ಟೂರ್ನಿಗೆ 16 ಸೀಟು. ಆರು ಕೂಟಗಳ ವಿಜೇತರಿಗೆ ನೇರ ಪ್ರವೇಶ. ಉಳಿದ 10 ಸೀಟು ಹಂಗಾಮಿನ ಸಾಧನೆಯ ಮೇಲೆ. ಗೆದ್ದದ್ದೆಷ್ಟು ಎಂಬುದರ ಜೊತೆಗೆ, ಎದುರಾಳಿ ಎಷ್ಟು ಗಟ್ಟಿ ಎಂಬುದನ್ನೂ ಅಲ್ಲಿ ತೂಗುತ್ತಾರೆ. ಬಲಿಷ್ಠರು ಬಲಿಷ್ಠರನ್ನೇ ಹುಡುಕಿಕೊಂಡು ಹೋಗುವುದರಲ್ಲಿ ಆಶ್ಚರ್ಯವೇನಿದೆ? ದೂರದ ಊರಿನ ಸಣ್ಣ ತಂಡವನ್ನು ಕೇಳೋರ್ಯಾರು?

ದೊಡ್ಡವರಿಗೆ ಮನಸ್ಸಿದ್ದರೆ ಮಾರ್ಗವುಂಟು. ಬೋಸ್ಟನ್ ಪ್ರದೇಶದ ನಾಲ್ಕು ಕಾಲೇಜುಗಳ ‘ಬೀನ್‌ಪಾಟ್’ ಟೂರ್ನಿ 1952ರಿಂದ ನಡೆದುಬಂದಿದೆ. ನಾಲ್ಕರಲ್ಲಿ ಮೂರು ‘ಹಾಕಿ ಈಸ್ಟ್’ ಕೂಟದವು, ಹಾರ್ವರ್ಡ್ ಮಾತ್ರ ಇಸಿಎಸಿ. ಈ ಪಂದ್ಯಗಳಿಂದ ಕೂಟದ ಪಟ್ಟಿಯಲ್ಲಿ ಒಂದು ಪಾಯಿಂಟೂ ಸಿಗದು. ಆದರೂ ಫೆಬ್ರವರಿಯ ಎರಡು ಸೋಮವಾರ ಇದಕ್ಕೇ ಮೀಸಲು!

ಸೀಟು ಸಿಕ್ಕಿತು, ಸೀಟು ಹೋಯಿತು

ಹಂಟ್ಸ್‌ವಿಲ್‌ಗೆ ಮೊದಲ ಪೆಟ್ಟು 2010ರಲ್ಲಿ. ಅದಿದ್ದ ಕೂಟವೇ ಮುಚ್ಚಿತು. ಬೇರೆ ಕೂಟಕ್ಕೆ ಅರ್ಜಿ ಹಾಕಿದರೆ ತಿರಸ್ಕಾರ. ಮೂರು ಹಂಗಾಮು ಬೀದಿಪಾಲು.

ಅಷ್ಟರಲ್ಲಿ ದೊಡ್ಡವರಲ್ಲೇ ಪಲ್ಲಟ. 2010ರಲ್ಲಿ ಟೆರ್ರಿ ಪೆಗುಲಾ ಎಂಬ ಶ್ರೀಮಂತ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹಾಕಿಗೆ 8 ಕೋಟಿ 80 ಲಕ್ಷ ಡಾಲರ್ ಕೊಟ್ಟ. ಅದರಿಂದ ಬಿಗ್ ಟೆನ್‌ಗೆ ಬೇಕಿದ್ದ ಆರನೇ ತಂಡ ಸಿಕ್ಕಿತು. 2013ರಲ್ಲಿ ಹೊಸ ಕೂಟ ಹುಟ್ಟಿ, ಹಳೆಯ ಕೂಟಗಳು ಚಿಂದಿಯಾದವು. ಖಾಲಿಬಿದ್ದ ‘ಡಬ್ಲ್ಯುಸಿಎಚ್‌ಎ’ ಕೂಟದಲ್ಲಿ ಹಂಟ್ಸ್‌ವಿಲ್‌ಗೆ ಜಾಗ ದಕ್ಕಿತು.

ಆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. 2019ರಲ್ಲಿ ಆ ಕೂಟದ ಹತ್ತರಲ್ಲಿ ಏಳು ತಂಡಗಳು ಬೇರೆ ಮನೆ ಮಾಡುತ್ತೇವೆಂದು ಘೋಷಿಸಿದವು. ಹತ್ತಿರದವರೇ ಸೇರಿಕೊಂಡರೆ ಓಡಾಟ ಕಮ್ಮಿ ಎಂಬ ಲೆಕ್ಕ. ಹೊರಗುಳಿದವರು ಮೂವರು: ಹಂಟ್ಸ್‌ವಿಲ್, ಮತ್ತೆ ದೂರದ ಅಲಾಸ್ಕಾದ ಎರಡು ತಂಡ.

2020ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ತಂಡವನ್ನೇ ರದ್ದು ಮಾಡಿತು. ಅಭಿಮಾನಿಗಳು ವಾರದೊಳಗೆ ಚಂದಾ ಎತ್ತಿ ಉಳಿಸಿಕೊಂಡರು. ಆದರೆ ಚಂದಾ ಎತ್ತಿದರೆ ಕೂಟದಲ್ಲಿ ಸೀಟು ಬರುತ್ತದೆಯೇ? ಒಂದು ವರ್ಷ ಹುಡುಕಿದರೂ ಯಾರೂ ಸೇರಿಸಿಕೊಳ್ಳಲಿಲ್ಲ. 2021ರ ಮೇನಲ್ಲಿ ಆಟ ನಿಂತಿತು.

ಅಲಾಸ್ಕಾದವರ ಕಥೆ ಬೇರೆ. ಆಂಕರೇಜ್ ತಂಡವೂ ಮುಚ್ಚುವ ಹಂತಕ್ಕೆ ಹೋಗಿ, ಜನ 30 ಲಕ್ಷ ಡಾಲರ್ ಕೂಡಿಸಿದ ಮೇಲೆ 2022ರಲ್ಲಿ ಕೂಟವಿಲ್ಲದೆಯೇ ಮರಳಿತು. ಅಲ್ಲಿಗೆ ಹೋಗಿ ಆಡಿದ ಪಂದ್ಯವನ್ನು ಅತಿಥಿ ತಂಡದ 34ರ ಲೆಕ್ಕಕ್ಕೆ ಹಿಡಿಯದ ರಿಯಾಯಿತಿಯೊಂದು ನಿಯಮದಲ್ಲಿದೆ. ಹಾಗಾಗಿ ಬರುವವರು ಬರುತ್ತಾರೆ.

ಹಂಟ್ಸ್‌ವಿಲ್‌ಗೆ ಅಂಥ ರಿಯಾಯಿತಿ ಯಾರೂ ಬರೆದಿಡಲಿಲ್ಲ. ಹುಡುಗರಿದ್ದರು, ಮಂಜಿನ ಅಂಕಣವಿತ್ತು, ಚಂದಾ ಕೊಟ್ಟ ಜನರಿದ್ದರು. ಎದುರಿಗೆ ನಿಂತು ಆಡಲು ಮಾತ್ರ ಯಾರೂ ಇರಲಿಲ್ಲ.