ಒಂದು ಬೇರು, ಒಂದು ಬೀಜ, ಒಂದು ಮಾತ್ರೆ

ದಾವಣಗೆರೆಯ ಮಂಡಿಪೇಟೆಯಂಥ ವ್ಯಾಪಾರದ ಬೀದಿಯಲ್ಲಿ ಪಾರ್ಕಿನ್ಸನ್ ಮೊದಲು ಸಿಕ್ಕಿಬೀಳುವುದು ಖಾತೆ ಪುಸ್ತಕದಲ್ಲೇ ಇರಬಹುದು. ಸಾಲಿನ ಮೊದಲಿಗೆ ದುಂಡಗಿದ್ದ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಸಾಸಿವೆಕಾಳು. ನೋಟು ಎಣಿಸುವ ಬೆರಳು ನಿಧಾನ. ನಡೆಯುವಾಗ ಒಂದು ಕೈ ಬೀಸುವುದೇ ಇಲ್ಲ. ‘ವಯಸ್ಸಾತು ಬಿಡ್ರಿ’ ಅನ್ನುತ್ತಾರೆ ಮನೆಯವರು. ಕೈ ನಡುಗಿದಾಗಷ್ಟೇ ಡಾಕ್ಟರ ನೆನಪು. ನಡುಕವಿಲ್ಲದ ಪಾರ್ಕಿನ್ಸನ್ನೂ ಉಂಟು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದದ್ದು ಆರೇ ಜನರ ಬಗ್ಗೆ. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ರೋಗದ ಚಹರೆ ಸಿಕ್ಕಿತು, ಕಾರಣ ಸಿಗಲಿಲ್ಲ.

ಸುಳಿವು ಕೊಟ್ಟದ್ದು ನಮ್ಮ ಸರ್ಪಗಂಧದ ಬೇರು. ಅದರಿಂದ ತೆಗೆದ ರಿಸರ್ಪಿನ್ 1950ರ ದಶಕದಲ್ಲಿ ಬಿಪಿಗೆ ಮದ್ದಾಗಿತ್ತು. ನುಂಗಿದ ಕೆಲವರ ಮೈ ಪಾರ್ಕಿನ್ಸನ್ ರೋಗಿಗಳಂತೆಯೇ ಬಿಗಿಯಿತು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟು ಮೊಲಗಳನ್ನು ಜಡವಾಗಿಸಿ, ಮಿದುಳಲ್ಲಿ ಡೋಪಮಿನ್ ಎಂಬ ರಾಸಾಯನಿಕವಾಗಿ ಬದಲಾಗುವ ಡೋಪಾ ಚುಚ್ಚಿ ಮತ್ತೆ ಓಡಾಡಿಸಿದರು. 1960ರಲ್ಲಿ ವಿಯೆನ್ನಾದಲ್ಲಿ, ತೀರಿಹೋದ ರೋಗಿಗಳ ಮಿದುಳಲ್ಲಿ ಡೋಪಮಿನ್ ತೀರಾ ಕಡಿಮೆ ಇರುವುದು ಕಂಡಿತು. ಮಿದುಳಿನ ಬುಡದಲ್ಲಿರುವ ಕಪ್ಪು ಕೋಶಗಳು ಸಾಯುತ್ತಾ ಹೋದಂತೆ ಡೋಪಮಿನ್ ಬತ್ತುತ್ತದೆ; ಮನಸ್ಸು ಏಳು ಅಂದರೂ ಕಾಲು ತಡೆದು ನಿಲ್ಲುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ತಂಡ 1998ರಲ್ಲಿ ಇನ್ನೊಂದು ಸೋಜಿಗ ಪ್ರಕಟಿಸಿತು: ಆರೋಗ್ಯವಂತ ಭಾರತೀಯರಲ್ಲಿ ಈ ಕೋಶಗಳು ಬ್ರಿಟನ್ನಿನವರಿಗಿಂತ ಸುಮಾರು ಶೇ 40ರಷ್ಟು ಕಡಿಮೆ, ಆದರೆ ವಯಸ್ಸಾದಂತೆ ಅವು ಕರಗುವುದಿಲ್ಲ. ಹಾಗಾದರೆ ‘ವಯಸ್ಸಾತು’ ಎಂಬ ಸಮಾಧಾನ ಎಲ್ಲಿ ನಿಂತೀತು?

ಡೋಪಮಿನ್ ನೇರವಾಗಿ ಮಿದುಳು ಸೇರದು, ಡೋಪಾದ ಒಂದು ರೂಪವಾದ ಲೆವೊಡೋಪಾ ಸೇರುತ್ತದೆ. ತಮಾಷೆಯೆಂದರೆ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಅದನ್ನು ನಸುಗುನ್ನಿ ಬೀಜದಿಂದ ಬೇರ್ಪಡಿಸಿದ್ದರು. ಮುಟ್ಟಿದರೆ ಮೈಯೆಲ್ಲ ತುರಿಸುವ ಅದೇ ನಸುಗುನ್ನಿ! ಅಮೆರಿಕದ ಜಾರ್ಜ್ ಕೋಟ್ಜಿಯಾಸ್ 1967ರಲ್ಲಿ ಡೋಪಾವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಬಾಯಿಗೆ ಕೊಟ್ಟಾಗ ಹಲವು ರೋಗಿಗಳ ಮೈ ಸಡಿಲವಾಯಿತು.

ಹಾಗೆಂದು ಗ್ರಂಥಿಗೆ ಅಂಗಡಿಯ ನಸುಗುನ್ನಿ ಪುಡಿ ಕಲಸಿ ಕುಡಿಯುವುದನ್ನು ನಾನು ಒಪ್ಪಲಾರೆ. ಬೀಜದಿಂದ ಬೀಜಕ್ಕೆ ಲೆವೊಡೋಪಾ ಪ್ರಮಾಣ ಬೇರೆ. ಮದ್ದು ಮಿದುಳು ಮುಟ್ಟುವ ಮೊದಲೇ ಖರ್ಚಾಗದಂತೆ ತಡೆಯುವ ಕಾರ್ಬಿಡೋಪಾ ಇರುವುದು ಮಾತ್ರೆಯಲ್ಲಿ. ಅದೂ ಸತ್ತ ಕೋಶವನ್ನು ಬದುಕಿಸದು. ವರ್ಷಗಳು ಕಳೆದಂತೆ ಒಂದು ಗುಳಿಗೆಯ ಬಲ ಮುಂದಿನದರವರೆಗೆ ಬರುವುದಿಲ್ಲ. ಊಟದ ಪ್ರೋಟೀನೂ ಅದರ ದಾರಿಗೆ ಅಡ್ಡ. ಆದ್ದರಿಂದ ಗುಳಿಗೆ ಮೊದಲು, ಬೆಣ್ಣೆ ದೋಸೆ ಅರ್ಧ ಗಂಟೆ ಬಿಟ್ಟು.