ಕಡಲ ತಡಿಯ ಊರೂ ಕಲೆಯ ಕಾಣಿಕೆಯೂ

ಸಮುದ್ರಸ್ನಾನವೆಂದರೆ ನಮಗೆ ಗೋಕರ್ಣ ನೆನಪಾಗುತ್ತದೆ. ಮಿಂದರೆ ಪುಣ್ಯವೆಂಬ ಭಾವನೆ ನಮ್ಮದು. ಇಂಗ್ಲೆಂಡಿನ ಜನ ಕಡಲಿಗಿಳಿದದ್ದು ಪುಣ್ಯಕ್ಕಲ್ಲ, ಆರೋಗ್ಯಕ್ಕೆ. ಉಪ್ಪುನೀರು ಮೈಗೆ ಒಳ್ಳೆಯದೆಂದು ಹದಿನೆಂಟನೆಯ ಶತಮಾನದ ವೈದ್ಯರು ಸಾರತೊಡಗಿದ ಮೇಲೆ ಅಲ್ಲಿಯ ಬೆಸ್ತರ ಹಳ್ಳಿಗಳೆಷ್ಟೋ ಸೊಗಸಾದ ಪಟ್ಟಣಗಳಾದವು. ಕೆಂಟ್ ಪ್ರಾಂತದ ಪೂರ್ವದ ತುದಿಯಲ್ಲಿರುವ ಮಾರ್ಗೇಟ್ ಅಂಥವುಗಳಲ್ಲೊಂದು. 1846ರಲ್ಲಿ ರೈಲು ಬಂದ ಮೇಲಂತೂ ಲಂಡನ್ನಿನ ದುಡಿಮೆಗಾರರು ಹೆಂಡಿರು ಮಕ್ಕಳೊಡನೆ ಬಂದು ತಮ್ಮ ಬಿಡುವಿನ ನಾಲ್ಕು ದಿನಗಳನ್ನು ಅಲ್ಲಿ ಕಳೆಯುವುದು ವಾಡಿಕೆಯಾಯಿತು. 1920ರಲ್ಲಿ ಡ್ರೀಮ್‌ಲ್ಯಾಂಡ್ ಎಂಬ ವಿನೋದವನದಲ್ಲಿ, ಮರದ ಕಟ್ಟಿನ ಮೇಲೆ ಏರಿಳಿದು ಓಡುವ ಆಟದ ರೈಲೊಂದು ಪ್ರಾರಂಭವಾಯಿತು. ಅದರಲ್ಲಿ ಕುಳಿತು ಒಮ್ಮೆಯಾದರೂ ಕಿರುಚಿ ಬಾರದವನು ಮಾರ್ಗೇಟಿಗೆ ಹೋಗಿ ಬಂದೆನೆಂದು ಹೇಳಿಕೊಳ್ಳುವಂತಿರಲಿಲ್ಲ!

ಇಂಥ ಊರಿಗೆ ಕೇಡು ಒದಗಿದ್ದು ಆಕಾಶಮಾರ್ಗದಿಂದ. 1960ರ ದಶಕದಿಂದೀಚೆಗೆ ಸ್ಪೇನ್ ದೇಶಕ್ಕೆ ಕಡಿಮೆ ಖರ್ಚಿನ ವಿಮಾನಯಾನ ಸಾಧ್ಯವಾಯಿತು. ಮೋಡ ಕವಿದ ತಮ್ಮ ಬೇಸಗೆಯನ್ನು ಇಷ್ಟು ಕಾಲ ಸಹಿಸಿಕೊಂಡಿದ್ದ ಜನ ಬಿಸಿಲನ್ನು ಅರಸಿಕೊಂಡು ಹೊರಟುಹೋದರು. ಪ್ರವಾಸಿಗಳಿಲ್ಲದ ವಸತಿಗೃಹಗಳನ್ನು ಸಣ್ಣ ಸಣ್ಣ ಕೋಣೆಗಳಾಗಿ ಒಡೆದು ಬಡವರಿಗೆ ಬಾಡಿಗೆಗೆ ಕೊಟ್ಟರು. ಅಂಗಡಿಗಳು ಒಂದೊಂದಾಗಿ ಕದವಿಕ್ಕಿದವು. ಡ್ರೀಮ್‌ಲ್ಯಾಂಡ್ ಮುಚ್ಚಿತು, 2008ರಲ್ಲಿ ಅದರ ಮರದ ಹಳಿಗಳಿಗೆ ಬೆಂಕಿಯೂ ಬಿತ್ತು.

ಕಲೆಯಿಂದ ಈ ಊರನ್ನು ಎತ್ತಬಹುದೆಂಬ ಯೋಚನೆ ಹುಟ್ಟಿದ್ದು ಈ ದುರ್ದೆಸೆಯಲ್ಲೇ. ಅದಕ್ಕೆ ಆಧಾರವೂ ಇತ್ತು. ಮಹಾಚಿತ್ರಕಾರನಾದ ಟರ್ನರ್ ಬಾಲಕನಾಗಿ ಮಾರ್ಗೇಟಿನ ಶಾಲೆಯಲ್ಲಿ ಓದಿದವನು; ಮುಂದೆಯೂ ಅಲ್ಲಿಯ ಬೆಳಕಿಗೆ ಮನಸೋತು ಮತ್ತೆ ಮತ್ತೆ ಬಂದು ತಂಗಿದವನು. ಕವಿ ಎಲಿಯಟ್ 1921ರಲ್ಲಿ ಬಳಲಿದ ಮನಸ್ಸಿನಿಂದ ಬಂದು, ಕಡಲಿಗೆ ಮುಖಮಾಡಿದ ತಂಗುಮಾಡದಲ್ಲಿ ಕುಳಿತು ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದ ಕೆಲವು ಭಾಗವನ್ನು ಬರೆದ. ಟರ್ನರ್ ತಂಗುತ್ತಿದ್ದ ಮನೆಯಿದ್ದ ಜಾಗದಲ್ಲಿಯೇ ಚಿತ್ರಶಾಲೆಯೊಂದನ್ನು ಕಟ್ಟಲು, ಸುಮಾರು 1.75 ಕೋಟಿ ಪೌಂಡುಗಳನ್ನು ವೆಚ್ಚಮಾಡಲು ತೀರ್ಮಾನವಾಯಿತು. ಕೆಲಸವಿಲ್ಲದವರ ಊರಿಗೆ ಚಿತ್ರಶಾಲೆಯೆಂದರೆ ಹೆಣಕ್ಕೆ ಶೃಂಗಾರ ಮಾಡಿದಂತಲ್ಲವೇ ಎಂಬ ಶಂಕೆ ಯಾರಿಗಾದರೂ ಬರುವಂಥದೇ. ಡೇವಿಡ್ ಚಿಪ್ಪರ್‌ಫೀಲ್ಡ್ ರೂಪಿಸಿದ ‘ಟರ್ನರ್ ಕಂಟೆಂಪೊರರಿ’ 2011ರ ಏಪ್ರಿಲಿನಲ್ಲಿ ಬಾಗಿಲು ತೆರೆಯಿತು.

ಹೆಣ ಎದ್ದು ಕುಳಿತಿತು ಎನ್ನಬೇಕು. ಮೊದಲ ವರ್ಷವೇ ನಾಲ್ಕು ಲಕ್ಷಕ್ಕೂ ಮಿಕ್ಕ ಜನ ಬಂದರು. 2009ರಿಂದ ಲಂಡನ್ನಿಗೆ ಓಡತೊಡಗಿದ್ದ ವೇಗದ ರೈಲೂ ನೆರವಾಯಿತು. ಡ್ರೀಮ್‌ಲ್ಯಾಂಡ್ 2015ರಲ್ಲಿ ಮತ್ತೆ ತೆರೆಯಿತು. 2019ರಲ್ಲಿ ಟರ್ನರ್ ಪ್ರಶಸ್ತಿಯ ಪ್ರದರ್ಶನ ಇಲ್ಲಿಯೇ ನಡೆದು, ಅಂತಿಮ ಪಟ್ಟಿಯ ನಾಲ್ವರು ಕಲಾವಿದರೂ ತಮ್ಮ ಕೋರಿಕೆಯಂತೆ ಬಹುಮಾನವನ್ನು ಹಂಚಿಕೊಂಡರು. ಈ ಊರಿನಲ್ಲಿ ಬೆಳೆದ ಟ್ರೇಸಿ ಎಮಿನ್ ಹಿಂದಿರುಗಿ ಬಂದು, ಹಳೆಯ ಸ್ನಾನಗೃಹವೊಂದನ್ನು ಕಿರಿಯ ಕಲಾವಿದರ ಕೆಲಸದ ಕೋಣೆಗಳನ್ನಾಗಿ ಮಾರ್ಪಡಿಸಿದರು. ಚಿತ್ರಶಾಲೆಗೆ ಪ್ರವೇಶದರವಿಲ್ಲ. ನಾನು ಹೋದ ದಿನ ಶಾಲೆಯ ಮಕ್ಕಳು ನೆಲದ ಮೇಲೆ ಕುಳಿತು, ಗೋಡೆಯ ಚಿತ್ರವನ್ನೊಮ್ಮೆ, ದೊಡ್ಡ ಕಿಟಕಿಯಾಚೆಯ ಕಡಲನ್ನೊಮ್ಮೆ ನೋಡುತ್ತ ಬಣ್ಣ ತೀಡುತ್ತಿದ್ದರು. ಖರ್ಚಾದ ಹಣ ಸಾರ್ಥಕವೆಂದು ನನಗೆ ಅನ್ನಿಸಿದ್ದು ಆ ಮಕ್ಕಳನ್ನು ಕಂಡಾಗ.

ಆದರೆ ಚಿತ್ರಶಾಲೆಯಿಂದ ಕೆಲವೇ ಹೆಜ್ಜೆ ನಡೆದು, ಮನೆಗಳ ದಲ್ಲಾಳಿಯ ಗಾಜಿನ ಕಿಟಕಿಯಲ್ಲಿ ಅಂಟಿಸಿದ್ದ ಬೆಲೆಗಳನ್ನು ಓದಿದಾಗ ಮನಸ್ಸು ಕಳವಳಗೊಂಡಿತು. ಊರು ಚೆಲುವಾದಂತೆ ಮನೆಗಳ ಬೆಲೆ ಏರಿತು. ಬೆಲೆಯ ಬೆನ್ನಿಗೇ ಬಾಡಿಗೆಯೂ ಏರಿತು. ವರ್ಷಪೂರ್ತಿ ಸಂಸಾರಗಳು ವಾಸವಾಗಿದ್ದ ಮನೆಗಳೆಷ್ಟೋ ಪ್ರವಾಸಿಗಳ ಎರಡು ದಿನದ ಬಿಡಾರಗಳಾದವು. ಕೆಟ್ಟ ಕಾಲವನ್ನೆಲ್ಲ ಊರಿನಲ್ಲಿಯೇ ಇದ್ದು ಉಂಡವರಿಗೆ ಒಳ್ಳೆಯ ಕಾಲ ಬಂದಾಗ ಸೂರಿಲ್ಲವೆಂದರೆ, ಉದ್ಧಾರವಾದದ್ದು ಊರೋ, ಊರಿನ ಕಟ್ಟಡಗಳೋ?

ಇದೇ ಕೆಂಟಿನ ದಕ್ಷಿಣ ದಡದಲ್ಲಿರುವ ಫೋಕ್‌ಸ್ಟನ್ ಈ ಪ್ರಶ್ನೆಯನ್ನು ಮೊದಲೇ ಯೋಚಿಸಿದಂತೆ ಕಾಣುತ್ತದೆ. 1994ರಲ್ಲಿ ಕಡಲಡಿಯ ಸುರಂಗ ತೆರೆದ ಕೆಲವು ವರ್ಷಗಳಲ್ಲಿ ಅಲ್ಲಿಂದ ಫ್ರಾನ್ಸಿಗೆ ಹೋಗುವ ಹಡಗುಗಳು ನಿಂತುಹೋದವು. 2002ರಲ್ಲಿ ಉದ್ಯಮಿ ರೋಜರ್ ಡಿ ಹಾನ್ ಅವರ ನೆರವಿನಿಂದ ಹುಟ್ಟಿದ ಧರ್ಮಸಂಸ್ಥೆಯೊಂದು ಹಳೆಯ ಪೇಟೆಯ ಸುಮಾರು 90 ಕಟ್ಟಡಗಳನ್ನು ಕಾಲಾನುಕ್ರಮದಲ್ಲಿ ತನ್ನ ವಶಕ್ಕೆ ತೆಗೆದುಕೊಂಡು, ದುರಸ್ತಿ ಮಾಡಿಸಿ, ಕಲಾವಿದರಿಗೂ ಕಸಬುದಾರರಿಗೂ ಎಟುಕುವ ಬಾಡಿಗೆಗೆ ಕೊಟ್ಟಿತು. 2008ರಿಂದ ಮೂರು ನಾಲ್ಕು ವರ್ಷಗಳಿಗೊಮ್ಮೆ ಬಯಲ ಕಲಾಪ್ರದರ್ಶನವೂ ನಡೆಯುತ್ತಿದೆ. 2014ರಲ್ಲಿ ಜರ್ಮನಿಯ ಕಲಾವಿದನೊಬ್ಬ ಬಂದರಿನ ಮರಳಿನಲ್ಲಿ ಚಿನ್ನದ 30 ತುಂಡುಗಳನ್ನು ಹೂತಿಡಲು, ಊರಿಗೆ ಊರೇ ಗುದ್ದಲಿ ಹಿಡಿದು ಕಡಲಿಗೆ ಬಂತು! ನಗುವ ಸಂಗತಿಯೇ, ಆದರೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರಿದ್ದು ಆ ಚಿನ್ನವಲ್ಲ, ಪೇಟೆಯ ಕರಾರುಪತ್ರಗಳು. ಬೆಲೆ ಏರಿದರೂ ಬಾಡಿಗೆ ಎಷ್ಟಿರಬೇಕೆಂಬುದನ್ನು ಅಲ್ಲಿ ಪೇಟೆಯ ಧಾರಣೆಯೊಂದೇ ತೀರ್ಮಾನಿಸುವುದಿಲ್ಲ.

ಹಾಗೆಂದು ಫೋಕ್‌ಸ್ಟನ್ನಿನಲ್ಲಿ ಎಲ್ಲವೂ ಸರಿಯಾಯಿತೆನ್ನಲಾರೆ. ಕಡಲ ಅಂಚಿನಲ್ಲಿ ದುಬಾರಿ ಮನೆಗಳ ಸಾಲು ಎದ್ದಿದೆ. ಅದನ್ನು ಕಟ್ಟಿಸುತ್ತಿರುವುದೂ ಅದೇ ದಾನಿಯ ಸಂಸ್ಥೆಯೇ. ಕಲಾವಿದನ ಅಂಗಡಿಗೆ ಹಾಕಿದ ಬೇಲಿ ಹೋಟೆಲಿನಲ್ಲಿ ತಟ್ಟೆ ತೊಳೆಯುವವಳ ಮನೆಯನ್ನು ಕಾಯುವುದಿಲ್ಲ.

ಕಲೆ ಊರನ್ನು ಎಬ್ಬಿಸಬಲ್ಲುದು ಎಂಬುದರಲ್ಲಿ ನನಗೆ ಸಂದೇಹವುಳಿದಿಲ್ಲ. ಮಾರ್ಗೇಟ್ ಅದಕ್ಕೆ ಸಾಕ್ಷಿ. ಆದರೆ ಎದ್ದ ಊರಿನಲ್ಲಿ ಯಾರು ಉಳಿಯಬೇಕೆಂಬುದನ್ನು ಕಲೆ ನಿರ್ಧರಿಸಲಾರದು. ಅದು ಭೂಮಿಯ ಒಡೆತನದ ಮಾತು, ನ್ಯಾಯದ ಮಾತು. ಚಿತ್ರಶಾಲೆಗೆ ಅಸ್ತಿವಾರ ತೋಡುವ ಮೊದಲೇ ಸುತ್ತಣ ಬೀದಿಗಳ ಹತ್ತಾರು ಮನೆಗಳನ್ನು ಊರಿನ ಹೆಸರಿಗೆ ಬರೆಸಿಟ್ಟುಕೊಳ್ಳುವುದು ಜಾಣತನ. ಅಂಥ ಮನೆಗಳ ಮಕ್ಕಳೇ ಅಲ್ಲವೆ, ಆ ದಿನ ಚಿತ್ರಶಾಲೆಯ ನೆಲದ ಮೇಲೆ ಕುಳಿತಿದ್ದವರು? ಅವರು ಬೆಳೆದು ದೊಡ್ಡವರಾದಾಗ ಅದೇ ಊರಿನಲ್ಲಿ ಒಲೆ ಹೂಡಲು ಶಕ್ತರಾದರೆ, ಆಗ ಆ ಊರು ನಿಜವಾಗಿ ಬದುಕಿತು ಎನ್ನಬಹುದು.